ಒಂದು ಗಂಟೆಯ ಊಟದ ಕರೆಗಳು

ಅಂದು ಗುರುವಾರ. ವೈಯಾಲಿಕಾವಲ್‌ನ ಮನೆಯಿಂದ ನಾನೂ ಅಕ್ಕನೂ ಎಂದಿನಂತೆ ಒಂದೇ ಬಸ್ಸಿನಲ್ಲಿ ಚಾಮರಾಜಪೇಟೆಗೆ ಬಂದೆವು. ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಇಬ್ಬರಿಗೂ ಕೆಲಸ. ಅವಳು ಮಹಡಿಯಲ್ಲಿ ಪ್ರೂಫ್ ನೋಡುತ್ತಿದ್ದಳು, ನಾನು ಕೆಳಗೆ ಪಾರ್ಸೆಲ್ ಕಳಿಸುತ್ತಿದ್ದೆ. ಊಟದ ಡಬ್ಬಿ ಅವಳ ಬಳಿ ಇರುತ್ತಿತ್ತು.

ಆಫೀಸಿಗೆ ಇಮೇಲ್ ಬಂದ ಹೊಸದರಲ್ಲಿ ಅವಳು 'ಊಟಕ್ಕೆ ಬಾ' ಎಂದು ಮೇಲ್ ಹಾಕುತ್ತಿದ್ದಳು. ನಾನು ತೆರೆದೇ ನೋಡುತ್ತಿರಲಿಲ್ಲ. ಆಮೇಲೆ ಅವಳು, ಮ್ಯಾನೇಜರು ಸಭೆಗೆ ಕರೆಯುವ ಹಾಗೆ, ಮೀಟಿಂಗ್ ರಿಕ್ವೆಸ್ಟ್ ಕಳಿಸತೊಡಗಿದಳು. ಅದಾದರೆ ಹೊತ್ತಿಗೆ ಸರಿಯಾಗಿ ನನ್ನ ಕಂಪ್ಯೂಟರ್ ಸದ್ದು ಮಾಡುತ್ತಿತ್ತು. 'ಒಂದು ಗಂಟೆ. ಸ್ಥಳ: ಮಹಡಿ ಮೆಟ್ಟಿಲು. ವಿಷಯ: ಹೀರೇಕಾಯಿ ಪಲ್ಯ.' ನಾನು ಒಪ್ಪಿಗೆಯ ಬಟನ್ ಒತ್ತಲೇಬೇಕು.

"ಒತ್ತದೆ ಬಂದ್ರೆ ಬರೀ ಮೊಸರನ್ನ ಕಣೋ," ಎನ್ನುತ್ತಿದ್ದಳು.

ಆ ಗುರುವಾರ ಮಾಮೂಲ್‌ಪೇಟೆಗೆ ತುರ್ತಾಗಿ ಕಟ್ಟುಗಳನ್ನು ತಲುಪಿಸಬೇಕಿತ್ತು. ಅಕ್ಕನ ಊಟದ ಕರೆ ಬಂದದ್ದನ್ನು ನೋಡಿದೆ. ವಾಪಸ್ ಬಂದು ಒತ್ತಿದರಾಯಿತು ಎಂದು ಹೊರಟೆ. ಬರುವಷ್ಟರಲ್ಲಿ ಮೂರು ದಾಟಿತ್ತು, ಒತ್ತುವುದು ಮರೆತೇಹೋಯಿತು. ಮಾರನೆಯ ಬೆಳಿಗ್ಗೆ ಅಕ್ಕ ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು.

ಕರ್ಮಗಳೆಲ್ಲ ಮುಗಿದು ನಾನು ಕೆಲಸಕ್ಕೆ ಮರಳಿದಾಗ ಮ್ಯಾನೇಜರು ಕರೆದರು. ಶನಿವಾರ ಅಕ್ಕನ ಇಮೇಲ್ ಅಳಿಸುತ್ತಾರಂತೆ. ನಮ್ಮಿಬ್ಬರ ನಡುವಿನದನ್ನು ಮಾತ್ರ ನಾನು ತೆಗೆದುಕೊಳ್ಳಬಹುದು. ಆಫೀಸಿನದನ್ನು ಮುಟ್ಟಬಾರದು. ವರ್ಷಗಟ್ಟಲೆಯದನ್ನು ಕೈಯಲ್ಲಿ ಹೆಕ್ಕಲು ಎರಡು ದಿನ ಸಾಲದು. ಒಂದೇ ಕೆಲಸವನ್ನು ಕಂಪ್ಯೂಟರ್ ತಾನೇ ಮತ್ತೆ ಮತ್ತೆ ಮಾಡುವಂತೆ ಆದೇಶ ಬರೆದಿಡುವ ಮ್ಯಾಕ್ರೋವನ್ನು ಪಾರ್ಸೆಲ್ ಪಟ್ಟಿಗಾಗಿ ಅಷ್ಟಿಷ್ಟು ಕಲಿತಿದ್ದೆ. ಅವಳ ಫೋಲ್ಡರುಗಳಲ್ಲಿ ನನ್ನ ಹೆಸರಿರುವ ಮೇಲ್‌ಗಳನ್ನು ಒಂದೊಂದಾಗಿ ಫೈಲಿಗೆ ಉಳಿಸುವಂತೆ ಒಂದು ಮ್ಯಾಕ್ರೋ ಬರೆದೆ.

ಅದು ಶುರುವಿನಲ್ಲೇ ಎರರ್ ತೋರಿಸಿ ನಿಂತಿತು. ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಗೆಳೆಯ ಬಗ್ಗಿ ನೋಡಿದ.

"ಗುರು, ಎಲ್ಲಾ ಬರೀ ಮೇಲ್ ಅಂತ ನೀನು ಮ್ಯಾಕ್ರೋಗೆ ಹೇಳಿದೀಯ, ಇದು ಮೀಟಿಂಗ್ ರಿಕ್ವೆಸ್ಟು. ಅದಕ್ಕೇ ಒದ್ದಾಡ್ತಿದೆ. ಎರರ್ ಬಂದ್ರೆ ಮುಂದಕ್ಕೆ ಹೋಗು ಅಂತ ಒಂದು ಲೈನ್ ಹಾಕ್ಬಿಡು, ಸಾಕು."

ಹಾಕಿದೆ. ಸರಸರನೆ ಓಡಿ ಮುಗಿಯಿತು. ತೆರೆದು ನೋಡಿದರೆ ಒಂದೂ ಊಟದ ಕರೆ ಇರಲಿಲ್ಲ. ಕರೆ ಇರಬೇಕಾದ ಕಡೆಯಲ್ಲೆಲ್ಲ ಅದರ ಹಿಂದಿನ ಮೇಲ್ ಮತ್ತೊಮ್ಮೆ ಕೂತಿತ್ತು. ಫೈಲುಗಳ ಲೆಕ್ಕ ಸರಿಯಾಗಿ ಕಾಣುತ್ತಿತ್ತು, ಅಕ್ಕ ಇರಲಿಲ್ಲ.

ಆ ಲೈನನ್ನು ಅಳಿಸಿಹಾಕಿದೆ.

"ಊಟಕ್ಕೆ ಕರ್ದಿದ್ದನ್ನೆಲ್ಲಾ ಇಟ್ಕೊಂಡು ಏನ್ರೀ ಮಾಡ್ತೀರಾ?" ಎಂದರು ಅಲ್ಲಿಗೆ ಬಂದ ಮ್ಯಾನೇಜರು. "ಅವು ಲೆಟರ್ರೇ ಅಲ್ವಂತಲ್ಲ."

"ಇಟ್ಕೋತೀನಿ ಸಾರ್. ಬೇರೇನೂ ಮಾಡಲ್ಲ. ಶನಿವಾರದವರೆಗೂ ಅಂದಿದೀರಿ, ಇವತ್ತಿನ್ನೂ ಶುಕ್ರವಾರ."

ಅವರು ಗಡಿಯಾರ ನೋಡಿದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಫೋಲ್ಡರಿನಲ್ಲಿರುವುದೆಲ್ಲ ಮೇಲ್ ಎಂದು ಮೊದಲೇ ಹೇಳಿದ್ದು ನನ್ನ ತಪ್ಪು. ಏನು ಸಿಕ್ಕರೂ ಎತ್ತಿಕೋ, ಆಮೇಲೆ ನೀನು ಯಾವ ಬಗೆ ಎಂದು ಅದನ್ನೇ ಕೇಳು ಎಂದು ಮ್ಯಾಕ್ರೋವನ್ನು ತಿದ್ದಿದೆ. ಮೇಲ್ ಆದರೆ ಹೀಗೆ ಉಳಿಸು, ಕರೆಯಾದರೆ ಹಾಗೆ, ಕರೆಗೆ ಬಂದ ಉತ್ತರವಾದರೆ ಇನ್ನೊಂದು ರೀತಿ. ತಲುಪಲಿಲ್ಲ ಎಂದು ಹಿಂದಿರುಗಿದ ಸೂಚನೆಗಳೂ ಇದ್ದವು, ಅವಕ್ಕೂ ಒಂದು ದಾರಿ ಮಾಡಿದೆ. ಗೊತ್ತಿಲ್ಲದ್ದು ಸಿಕ್ಕರೆ ದಾಟಿಹೋಗಬೇಡ, ನಿಂತು ನನಗೆ ತೋರಿಸು ಎಂದು ಕೊನೆಯಲ್ಲಿ ಬರೆದೆ. ನಾಲ್ಕು ಸಲ ನಿಂತಿತು. ನಾಲ್ಕು ಸಲವೂ ನೋಡಿ ತಿದ್ದಿದೆ.

ಶನಿವಾರ ಹನ್ನೊಂದರ ಹೊತ್ತಿಗೆ ಎಲ್ಲವೂ ಬಂದಿತ್ತು. ಹೀರೇಕಾಯಿ, ಬಿಸಿಬೇಳೆ, 'ನಿನ್ನೆಯ ಚಪಾತಿ, ಮಾತಾಡದೆ ತಿನ್ನು.' ಆ ಗುರುವಾರದ್ದೂ ಇತ್ತು: 'ಮಾವಿನಕಾಯಿ ಚಿತ್ರಾನ್ನ.'

"ಅದಕ್ಕೆ ಈಗ್ಲೂ ಒಪ್ಪಿಗೆ ಒತ್ಬೋದು ಕಣೋ, ಅಕೌಂಟ್ ಇನ್ನೂ ಇದೆ," ಎಂದ ಗೆಳೆಯ, ಮೆಲ್ಲಗೆ.

ಒತ್ತಲಿಲ್ಲ. ಇಲ್ಲದ್ದನ್ನು ಇದ್ದಂತೆ ತೋರಿಸುವ ಕೆಲಸವನ್ನು ನಾನು ಅಳಿಸಿಹಾಕಿದ ಆ ಒಂದು ಲೈನು ಆಗಲೇ ಮಾಡಿತ್ತು.

ಅವಳ ಉಳಿದ ಕರೆಗಳಿಗೆಲ್ಲ ನನ್ನ ಒಪ್ಪಿಗೆ ಇದೆ. ಆ ಗುರುವಾರದ ಕರೆಗೆ ಇಲ್ಲ.