ಮೊಣಕೈಗೆ ಹಾರ ತಪ್ಪಿಸಿದವರು

ಅಜ್ಜಂಪುರದಲ್ಲಿ ನಮ್ಮ ಪಕ್ಕದ ಮನೆಯ ಸ್ಟುಡಿಯೋದವರ ಅಂಗಿ ಬೆನ್ನ ಕಡೆ ಇಸ್ತ್ರಿ ಮುರಿಯದೆ ಇರುತ್ತಿತ್ತು, ಎದೆ ಕಡೆ ಬರೀ ಕೆಮ್ಮಣ್ಣು. ಕೂಸಿನ ಫೋಟೋ ಆಗಲಿ ಹೋರಿಯ ಫೋಟೋ ಆಗಲಿ, ನೆಲಕ್ಕೆ ಬೋರಲು ಬಿದ್ದೇ ತೆಗೆಯುವವರು. ನಿಂತು ತೆಗೆದರೆ ಎಲ್ಲರೂ ಕುಳ್ಳಗೆ ಕಾಣುತ್ತಾರಂತೆ. ಒಗೆಯುವ ಕಲ್ಲಿನ ಮುಂದೆ ಹೆಂಡತಿ ಅವರನ್ನು ಬೈಯದ ದಿನವಿಲ್ಲ.

ಎಪ್ಪತ್ತೆಂಟು-ಎಪ್ಪತ್ತೊಂಬತ್ತನೇ ಇಸವಿಯ ಸುಮಾರಿನ ಮಾತು. ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ, ಯಗಟಿ ಕಡೆ ಕುರಿ ಕಾಯ್ದು ಬಂದವರು. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಮ್ಮಿ ಎಂದು ನಂಬಿದ್ದರು. ನನ್ನ ಮದುವೆ ಫೋಟೋದಲ್ಲಿ ಅವರದು ಅಂತ ಇರುವುದು ಕಂಬದ ಹಿಂದಿನಿಂದ ಇಣುಕುವ ಒಂದು ಮೊಣಕೈ. ಅವರು ತೀರಿಕೊಂಡು ವರ್ಷದ ತಿಥಿ ಹತ್ತಿರ ಬಂದಾಗ ಅತ್ತೆ ಆ ಫೋಟೋ ಹಿಡಿದು ಕೂತರು. ಬಂದ ನೆಂಟರು ಯಾವುದಕ್ಕೆ ಕೈ ಮುಗಿಯಬೇಕು ಎಂಬುದೇ ಅವರ ಸಂಕಟ.

"ಮೊಣಕೈಗೆ ಹಾರ ಹಾಕ್ಲೇನೇ?" ಎಂದು ನಗುತ್ತಲೇ ಕಣ್ಣೊರೆಸಿಕೊಂಡರು.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ತರೀಕೆರೆಯ ತವರಲ್ಲಿ ಮಣ್ಣಿನ ಗೌರಿ ಗೊಂಬೆ ಮಾಡಿ, ಬಣ್ಣ ಹಚ್ಚಿ ಬೆಳೆದವಳು. ಸ್ಟುಡಿಯೋದವರು ಬೇಲಿ ಮೇಲಿಂದ ಹೇಳಿದರು: "ನಿಮ್ಮಾವನ ಗೊಂಬೆ ನೀನ್ ಮಾಡಮ್ಮ. ಊರು ನಾನ್ ಮಾಡಿ ಫೋಟೋ ತೆಗೀತೀನಿ."

ಗೇಣುದ್ದದ ಮಾವ ತಯಾರಾದರು. ಕಪ್ಪು ಬಿಳುಪು ಫೋಟೋಗೆ ಯಾವ ಬಣ್ಣವಾದರೇನು ಎಂದೆ. ಪೇಟ ಕೆಂಪಗೇ ಇರಲಿ, ಇಲ್ಲದಿದ್ದರೆ ಯಜಮಾನರಿಗೇ ಬೇಜಾರು ಎಂದರು ಸ್ಟುಡಿಯೋದವರು. ಕಬ್ಬಿಣದ ಬಾಣಲಿಯಲ್ಲಿ ರಾಗಿ ಮೊಳೆಸಿದ್ದು ಹೊಲವಾಯಿತು. ಹತ್ತಿ ಉಂಡೆ ಕುರಿ, ತುಳಸಿ ಕಡ್ಡಿ ಮರ. ಅವರ ಹೆಂಡತಿಯ ಕನ್ನಡಿ ಕೆರೆಯಾಯಿತು, ಹೊಸ ಸೀರೆ ಆಕಾಶವಾಯಿತು. ಎರಡಕ್ಕೂ ಬೈಸಿಕೊಂಡರು.

ಬೋರಲು ಬಿದ್ದು ಕ್ಯಾಮೆರಾ ಕಣ್ಣಿಗಿಟ್ಟವರು, ಅಭ್ಯಾಸ ನೋಡಿ, ಗೊಂಬೆಗೇ ಹೇಳಿದರು: "ಗದ್ದ ಸ್ವಲ್ಪ ಮೇಲೆ ಯಜಮಾನ್ರೇ. ಉಸಿರು ಬಿಡ್ಬೇಡಿ." ನಾನೂ ಉಸಿರು ಬಿಗಿಹಿಡಿದೆ. ಫಿಲ್ಮು ತೊಳೆದು ನೋಡಿದರೆ ಮಾವನ ಹಿಂದೆ ಆನೆಯಷ್ಟು ದೊಡ್ಡ ಕೋಳಿ, ಹೊಲ ಮೇಯುತ್ತಿದೆ! ಮತ್ತೆ ರಾಗಿ ಚೆಲ್ಲಿ, ಮೊಳಕೆಗೆ ಕಾದು, ಈ ಸಲ ಹೆಂಡತಿಯನ್ನೇ ಕೋಳಿ ಕಾವಲಿಗೆ ಕೂರಿಸಿದರು. ಕಡೂರಿಗೆ ಕಟ್ಟು ಹಾಕಿಸಲು ಹೋದ ಫೋಟೋ ತಿಥಿಯ ಬೆಳಿಗ್ಗೆ ಬಸ್ಸಿನಲ್ಲಿ ಬಂತು.

ಗೊಂಬೆಯ ಸಂಗತಿ ಅತ್ತೆಗೆ ಗೊತ್ತಿತ್ತು, ಫೋಟೋ ನೋಡಿರಲಿಲ್ಲ. ಬಹಳ ಹೊತ್ತು ನೋಡಿದರು.

"ಮೂಗು ಇಷ್ಟು ನೆಟ್ಟಗಿರ್ಲಿಲ್ಲ ಕಣೇ."

ಫೋಟೋ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದೆ.

"ಇರ್ಲಿ ಬಿಡು. ಸತ್ಮೇಲಾದ್ರೂ ನೆಟ್ಗಾಯ್ತಲ್ಲ" ಎಂದು ಹಾರ ಹಾಕಿದರು.

ಊಟಕ್ಕೆ ಕೂತಾಗ ಯಗಟಿಯ ನೆಂಟರು ಫೋಟೋದಲ್ಲಿರುವುದು ತಮ್ಮೂರ ಕೆರೆ ಎಂದರು. ಸಿಂಗಟಗೆರೆಯವರು ಕೆರೆಯ ಏರಿ ನೋಡಿದರೆ ತಿಳಿಯುವುದಿಲ್ಲವೇ, ನಮ್ಮದು ಎಂದು ಎಲೆ ಬಿಟ್ಟು ಎದ್ದರು. ಸ್ಟುಡಿಯೋದವರು ಇಬ್ಬರಿಗೂ ತಲೆಯಾಡಿಸಿ ಇನ್ನಷ್ಟು ಪಾಯಸ ಹಾಕಿಸಿಕೊಂಡರು. ಕೆರೆಯ ಒಡತಿ ಪಕ್ಕದಲ್ಲೇ ಕೂತು ಗಂಡನನ್ನು ಗುರಾಯಿಸುತ್ತಿದ್ದರು.

ಸ್ಟುಡಿಯೋದವರು ಹೋಗಿ ಬಹಳ ವರ್ಷವಾಯಿತು. ಅವರ ಮನೆ ಗೋಡೆಯ ಫೋಟೋದಲ್ಲಿ ಕೋಟು ಹಾಕಿ ನಿಂತಿದ್ದಾರೆ, ಎದೆ ಮೇಲೆ ಚೂರು ಮಣ್ಣಿಲ್ಲ. ನನಗೆ ಅದು ಯಾರೋ ಅನ್ನಿಸುತ್ತದೆ. ಅದಕ್ಕೇ ಈ ವಯಸ್ಸಲ್ಲಿ ಮತ್ತೆ ಮಣ್ಣು ಕಲಸಿ, ಬೋರಲು ಬಿದ್ದ ಅವರನ್ನು ಮಾಡಿದೆ. ಇವತ್ತು ನನ್ನ ಮೊಮ್ಮಗಳು ಅವರ ಸುತ್ತ ಹೊಲ, ಕೆರೆ, ಜೊತೆಗೊಂದು ಕೋಳಿಯನ್ನೂ ಇಟ್ಟು ಫೋಟೋ ತೆಗೆದಳು. ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗೇ ನೆಲಕ್ಕೆ ಬೋರಲು ಬಿದ್ದಳು! ಆ ಖುಷಿ ತಡೆಯಲಾಗದೆ ಇದನ್ನು ಬರೆಯಲು ಕೂತಿದ್ದೇನೆ. ಅವಳು ಎದ್ದಾಗ ಹೊಸ ಫ್ರಾಕಿನ ಎದೆಯೆಲ್ಲ ಕೆಮ್ಮಣ್ಣು. ಅವಳಮ್ಮ ಬೈಯಲು ಬಂದಳು. ನಾನು ಅಡ್ಡ ನಿಂತೆ.

"ಒಗೀಬೇಡ ಕಣೇ. ಇವತ್ತೊಂದಿನ ಇರ್ಲಿ."