ಅಜ್ಜನಿಲ್ಲದ ಐದನೇ ಭಾಗ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಚಿಕ್ಕಪ್ಪನ ಮಗಳು ಕಾರವಾರದಿಂದ ಫೋನು ಮಾಡಿದಳು. "ಐದನೇ ಭಾಗ ಬಂತೆ! ನಾವು ಆಗ್ಲೇ ಅರ್ಧ ಮುಗಿಸಿದ್ವಿ," ಅಂದಳು. ಆ 'ನಾವು' ಎಂಬ ಮಾತು ದಿನವಿಡೀ ನನ್ನ ಕಿವಿಯಲ್ಲೇ ಉಳಿಯಿತು. ಅದರೊಳಗೆ ನಾನಿರಲಿಲ್ಲ.

ಅವಳು ನನಗಿಂತ ಮೂರು ತಿಂಗಳಿಗೆ ಚಿಕ್ಕವಳು. ಶೆಟಗೇರಿಯ ಒಂದೇ ಮನೆಯಲ್ಲಿ ಬೆಳೆದವರು ನಾವು. ಅಪ್ಪ ಗದ್ದೆ ನೋಡಿಕೊಳ್ಳುತ್ತಿದ್ದ, ಚಿಕ್ಕಪ್ಪ ಅಂಕೋಲೆಯಲ್ಲಿ ನೌಕರಿಗಿದ್ದ. ಅವನು ಹುಬ್ಬಳ್ಳಿಯಿಂದ ತಂದ ಹಳೆಯ ಕಂಪ್ಯೂಟರಿಗೆ ಭತ್ತದ ಚೀಲಗಳ ಕೋಣೆಯಲ್ಲಿ ಜಾಗ ಸಿಕ್ಕಿತ್ತು. ಅದರಲ್ಲೊಂದು ಸಾಹಸದ ಆಟ. ಹಡಗು ಕಳೆದುಕೊಂಡ ಮುದಿ ನಾವಿಕನೊಬ್ಬ ಮುಳುಗಿದ ಊರುಗಳಲ್ಲಿ, ದ್ವೀಪದ ಗುಹೆಗಳಲ್ಲಿ ನಿಧಿ ಹುಡುಕುತ್ತ ಹೋಗುವ ಕತೆ. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಹೊಸ ಭಾಗ ಬರುತ್ತಿತ್ತು. ಆ ನಾವಿಕನನ್ನು ನಾವು ಅಜ್ಜ ಎಂದು ಕರೆಯುತ್ತಿದ್ದೆವು. ನಾಲ್ಕು ಹೆಜ್ಜೆ ಓಡಿದರೆ ಅವನಿಗೆ ಏದುಸಿರು, ಗೋಡೆ ಹತ್ತಿದರೆ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದ. ಅವನನ್ನು ನಡೆಸುವ ಗುಂಡಿಗಳು ನನ್ನವು, ಹಾರಿಸುವ ಗುಂಡಿ ಅವಳದು. ಹೊಂಡದ ಅಂಚಿಗೆ ಬಂದಾಗ ನಾನು "ಈಗ!" ಅನ್ನಬೇಕು, ಅವಳು ಒತ್ತಬೇಕು. ನಾಲ್ಕು ಭಾಗಗಳನ್ನೂ ಹೀಗೇ ಮುಗಿಸಿದ್ದೆವು. ಆಮೇಲೆ ಚಿಕ್ಕಪ್ಪನಿಗೆ ಕಾರವಾರಕ್ಕೆ ವರ್ಗವಾಯಿತು. ಅವಳೂ ಹೋದಳು, ಕಂಪ್ಯೂಟರೂ ಹೋಯಿತು.

ಫೋನು ಬಂದ ಮೂರನೇ ದಿನ ನಾನು ಬಸ್ಸು ಹತ್ತಿದೆ. ಆಯಿ, ನನ್ನಮ್ಮ, ಒಂದು ಚೀಲ ಇಶಾಡ ಮಾವಿನಹಣ್ಣು ಕೊಟ್ಟು, "ಕಾಲಡಿಗೆ ಇಡಬೇಡ, ತೊಡೆ ಮೇಲೇ ಇಟ್ಕೊ," ಎಂದಿದ್ದಳು. ಬಿಣಗಾ ದಾಟಿ ಸಮುದ್ರ ಕಾಣುವವರೆಗೂ ಆ ಚೀಲ ಅಪ್ಪಿಕೊಂಡು, ಅವಳ ಜೊತೆ ಆಡುತ್ತಿರುವವರು ಯಾರಿರಬಹುದು ಎಂದೇ ಯೋಚಿಸುತ್ತಿದ್ದೆ.

ಚಿಕ್ಕಪ್ಪನ ಬಾಡಿಗೆ ಮನೆಯ ಬಾಗಿಲು ತೆರೆದವಳೇ ಆ ಆಟದ ಜೊತೆಗಾತಿ. ಪಕ್ಕದ ಮನೆಯ ಹುಡುಗಿ, ನಮ್ಮದೇ ವಯಸ್ಸು, ಎರಡು ಜಡೆ. ತನ್ನದೇ ಮನೆ ಎಂಬಂತೆ ನನ್ನ ಕೈಯಿಂದ ಹಣ್ಣಿನ ಚೀಲ ತೆಗೆದುಕೊಂಡು, "ಬಾ ಬಾ, ಅವಳು ಸ್ನಾನಕ್ಕೆ ಹೋಗಿದಾಳೆ. ನೀನು ಶೆಟಗೇರಿಯವಳು ಅಲ್ವಾ?" ಅಂದಳು. ನಮ್ಮ ಚಿಕ್ಕಪ್ಪನ ಮನೆಯಲ್ಲಿ ನನ್ನನ್ನು ಒಳಗೆ ಕರೆಯಲು ಇವಳು ಯಾರು ಎನಿಸಿತು.

ಆಟ ಶುರುವಾಯಿತು. ನಡೆಸುವ ಗುಂಡಿಗಳ ಮುಂದಿನ ನನ್ನ ಜಾಗದಲ್ಲಿ, ಕುರ್ಚಿಯ ಮೇಲೆ ಆ ಹುಡುಗಿ ಕೂತಳು, ನನಗೊಂದು ಸ್ಟೂಲು ಕೊಟ್ಟರು. ಹಳೆಯ ಭಾಗಗಳಲ್ಲಿ ನೀರೆಂದರೆ ನೀಲಿ ತಾಡಪತ್ರಿ ಹಾಸಿದ ಹಾಗೆ. ಇದರಲ್ಲಿ ಬಿಸಿಲು ನೀರಿನೊಳಗೆ ಇಳಿದು ತಳದ ಕಲ್ಲಿನ ಮೇಲೆ ನಡುಗುತ್ತಿತ್ತು. ನಾವಿಕ ಮೇಲೆ ಬಂದು ನಡೆದರೆ ಬಂಡೆಯ ಮೇಲೆ ಒದ್ದೆ ಹೆಜ್ಜೆಗಳು ಮೂಡಿ ನಿಧಾನಕ್ಕೆ ಆರುತ್ತಿದ್ದವು. ಆದರೆ ಅವನು ಇಪ್ಪತ್ತರ ತರುಣ. ಒಂದೇ ಕೈಯಲ್ಲಿ ಕಡಿದಾದ ಬಂಡೆಗೆ ಜೋತುಬೀಳುತ್ತಿದ್ದ, ಎಷ್ಟು ಓಡಿದರೂ ದಣಿಯುತ್ತಿರಲಿಲ್ಲ.

"ಇಂವ ಯಾರೆ?" ಎಂದೆ.

"ಅಂವನೇ. ಪ್ರಾಯದಲ್ಲಿದ್ದಾಗಿನ ಕತೆ ಇದು," ಅಂದಳು ಚಿಕ್ಕಪ್ಪನ ಮಗಳು.

"ಅಜ್ಜ ಇಲ್ದೆ ಇದೆಂತ ಆಟ?"

ಆ ಹುಡುಗಿ ತಿರುಗಿ ನೋಡಿ, "ಅಜ್ಜನಾ? ಯಾವ ಅಜ್ಜ?" ಎಂದು ಕೇಳಿದಳು. ಚಿಕ್ಕಪ್ಪನ ಮಗಳು ನಕ್ಕುಬಿಟ್ಟಳು. "ಸಣ್ಣವರಿದ್ದಾಗ ನಾವು ಹಂಗೆ ಕರೀತಿದ್ವಿ ಮಾರಾಯ್ತಿ."

ಸಣ್ಣವರಿದ್ದಾಗ! ಹೋದ ವರ್ಷದ ಬೇಸಿಗೆಯ ಮಾತು ಅದು.

ಅವರಿಬ್ಬರೂ ಆಡುವಾಗ ಕೊಂಕಣಿಯಲ್ಲಿ ಮಾತಾಡುತ್ತಿದ್ದರು. "ರಾವ್, ರಾವ್... ಉಡಿ ಮಾರ್!" ಎಂದು ಆ ಹುಡುಗಿ ಕೂಗಿದೊಡನೆ ಇವಳು ಗುಂಡಿ ಒತ್ತುತ್ತಿದ್ದಳು. ತಡಿ ತಡಿ, ಹಾರು ಎಂಬಷ್ಟು ಮಾತ್ರ ನನಗೂ ಅರ್ಥವಾಗುತ್ತಿತ್ತು. ಒಂದೇ ವರ್ಷದಲ್ಲಿ ಇವಳು ಅಷ್ಟು ಚೆನ್ನಾಗಿ ಕೊಂಕಣಿ ಕಲಿತಿದ್ದಳು. ನಾನು ಸ್ಟೂಲಿನ ಮೇಲೆ ಕೂತು ತಪ್ಪು ಹುಡುಕತೊಡಗಿದೆ. ಧ್ವನಿ ಸರಿಯಿಲ್ಲ, ಎಲ್ಲಾ ಕಡೆ ತಿರುಗಿಸಿ ನೋಡಿದರೆ ತಲೆ ಸುತ್ತುತ್ತದೆ, ಒಗಟುಗಳು ತೀರಾ ಸುಲಭ ಎಂದೆ. ನಾವಿಕ ದೀಪ ಹಿಡಿದು ದೋಣಿಯಲ್ಲಿ ಗುಹೆಯೊಳಗೆ ಹೋದಾಗ ಗೋಡೆಯ ಮೇಲೆಲ್ಲ ಸಾವಿರಾರು ಚಿಪ್ಪುಗಳು ಮಿನುಗಿದವು. ನನ್ನ ಮೈ ಜುಮ್ಮೆಂದಿತು. ಬಾಯಿಂದ ಬಂದದ್ದು ಮಾತ್ರ "ಇಷ್ಟೇನಾ?"

ಮಧ್ಯಾಹ್ನ ಆ ಹುಡುಗಿ ಊಟಕ್ಕೆ ತನ್ನ ಮನೆಗೆ ಹೋದಳು. ನಮ್ಮಲ್ಲಿ ಬಂಗಡೆ ಸಾರಿನ ಊಟವಾಗಿ ಚಿಕ್ಕಮ್ಮನೂ ಮಗಳೂ ಚಾಪೆಯ ಮೇಲೆ ಒರಗಿದರು. ನಾನು ಎದ್ದು ಕಂಪ್ಯೂಟರಿನ ಮುಂದೆ ಕೂತೆ. ಮೊದಲಿನಿಂದ ಸ್ವಲ್ಪ ನೋಡುವುದಷ್ಟೇ ನನ್ನ ಆಸೆಯಾಗಿತ್ತು. 'ಹೊಸ ಆಟ' ಎಂಬಲ್ಲಿ ಒತ್ತಿದೆ. ಹಾಗೆ ಮಾಡಿದರೆ ಈವರೆಗೆ ಆಡಿದ್ದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಅದು ಕೇಳಿತು. ಅವರ ಹದಿನೈದು ದಿನಗಳ ಆಟ. ಒಂದು ಗಳಿಗೆ ಬೆರಳು ನಿಂತಿತು. ಚಾಪೆಯ ಕಡೆ ನೋಡಿದೆ, ಇವಳು ಆ ಕಡೆ ಮುಖ ಮಾಡಿ ಮಲಗಿದ್ದಳು. ಆಗಬಹುದು ಎಂದು ಒತ್ತಿದೆ.

ಕಡಲ ದಂಡೆ ಬಂತು. ಹತ್ತು ನಿಮಿಷ ಒಬ್ಬಳೇ ಮರಳಿನಲ್ಲಿ ಓಡಾಡಿದೆ. ಕಣ್ಣು ಅದನ್ನು ನೋಡುತ್ತಿತ್ತು, ಕಿವಿ ಚಾಪೆಯ ಕಡೆಗಿತ್ತು. ಯಂತ್ರ ಬಂದ್ ಮಾಡಿ ಬಂದು ಇವಳ ಪಕ್ಕ ಮಲಗಿದೆ.

ಸಂಜೆ ಆ ಹುಡುಗಿ ಬಂದು ಆಟ ತೆರೆದಾಗ ದಂಡೆಯೇ ಕಂಡಿತು. ಇಬ್ಬರೂ ಪರದೆಗೆ ಬಗ್ಗಿ ನೋಡಿದರು. ನಾನು ಪುಸ್ತಕವೊಂದರ ಹಾಳೆ ತಿರುವುತ್ತಿದ್ದೆ. ಕಡೆಗೆ ಆ ಹುಡುಗಿಯೇ, "ಊಟಕ್ಕೆ ಹೋಗೋ ಗಡಿಬಿಡಿಯಲ್ಲಿ ನಾನೇ ಏನೋ ಒತ್ತಿಬಿಟ್ಟೆ ಕಾಣ್ತದೆ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಹೆಂಗೂ ಮೊದಲಿಂದ ಆಡ್ಬೇಕು. ನೀನೂ ಬಾ, ಈ ಕುರ್ಚಿ ಮೇಲೆ ಕೂತ್ಕೊ," ಎಂದು ಎದ್ದಳು.

ನಾಲ್ಕು ದಿನ ಮೂವರೂ ಆಡಿದೆವು. ಕುರ್ಚಿ ಸಿಕ್ಕಿತು, ಗುಂಡಿಗಳೂ ಸಿಕ್ಕವು. ಆದರೆ ನಾನು ಒಂದು ಬಾಗಿಲನ್ನೂ ಹುಡುಕಲಿಲ್ಲ. ಎಡಕ್ಕೆ ಹೊಂಡ ಇದೆ, ಆ ಕಲ್ಲು ಸರಿಸು, ಇಲ್ಲಿ ಹಾವು ಬರ್ತದೆ ಎಂದು ಇಬ್ಬರೂ ಮೊದಲೇ ಹೇಳಿಬಿಡುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಹಾವು ಮೊದಲ ಸಲ ಬಂದಾಗ ಒಟ್ಟಿಗೆ ಕಿರುಚಿದವರು ಅವರಿಬ್ಬರೇ. ಆ ಕಿರುಚಾಟ ನಾನು ಅಳಿಸಿದ್ದರಲ್ಲಿ ಅಳಿಸಿಹೋಗಿರಲಿಲ್ಲ.

ಹೊರಟ ದಿನ ಚಿಕ್ಕಪ್ಪನ ಮಗಳು ಬಸ್ ಸ್ಟ್ಯಾಂಡಿಗೆ ಬಂದಳು. ಅಂಕೋಲೆ ಬಸ್ಸು ಇನ್ನೂ ನಿಂತಿತ್ತು. ಕಿಟಕಿಯಿಂದ ಬಗ್ಗಿ, "ಒಂದು ಮಾತು ಹೇಳ್ತೆ, ಸಿಟ್ಟು ಮಾಡಬೇಡ. ಆವತ್ತು ಅಳಿಸಿದ್ದು ನಾನೇ," ಎಂದೆ.

"ಗೊತ್ತು," ಅಂದಳು. "ಆಟ ಶುರು ಮಾಡಿದ್ದು ಎಷ್ಟು ಗಂಟೆಗೆ ಅಂತ ಅದರಲ್ಲೇ ತೋರಿಸ್ತದೆ. ಎರಡೂಮುಕ್ಕಾಲಿಗೆ ಅವಳು ಅವಳ ಮನೇಲಿದ್ದಳು."

ನಾನು ಕಿಟಕಿಯ ಸರಳು ಹಿಡಿದೆ. "ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ಎಂತ ಹೇಳೂದು? ಅವಳಿಗೂ ಗೊತ್ತಿತ್ತು. ನಿನಗೆ ಬೇಜಾರಾಗ್ತದೆ ಅಂತ ತಪ್ಪು ತನ್ನ ಮೇಲೆ ಹಾಕ್ಕೊಂಡಳಂತೆ, ಆಮೇಲೆ ಅವಳೇ ಹೇಳಿದ್ಲು."

ಬಸ್ಸು ಹೊರಟಿತು. ಅವಳು ಕೈ ಬೀಸಿದಳು, ನಾನೂ ಬೀಸಿದೆ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅರ್ಗಾ ದಾಟುವ ಹೊತ್ತಿಗೆ ನನ್ನ ತಲೆಯಲ್ಲಿ ಬೇರೆಯೇ ಒಂದು ಲೆಕ್ಕಾಚಾರ ನಡೆದಿತ್ತು. ಇದನ್ನು ಅವರಿಬ್ಬರೂ ಯಾವಾಗ ಮಾತಾಡಿಕೊಂಡರು? ನಾನು ಸ್ನಾನಕ್ಕೆ ಹೋದಾಗಲೇ, ಅಥವಾ ನನ್ನ ಎದುರಿಗೇ ಕೊಂಕಣಿಯಲ್ಲೇ? ನಾಲ್ಕು ದಿನ ನನ್ನ ಎಡಕ್ಕೊಬ್ಬಳು ಬಲಕ್ಕೊಬ್ಬಳು ಕೂತು, ಒಂದು ಗುಟ್ಟನ್ನು ಇಬ್ಬರೇ ಕಾಪಾಡಿಕೊಂಡಿದ್ದರಲ್ಲ. ಒಂದು ವರ್ಷದ ಹಿಂದೆ ಅವಳ ಗುಟ್ಟುಗಳೆಲ್ಲ ನನ್ನ ಹತ್ತಿರ ಇರುತ್ತಿದ್ದವು.

ಮನೆ ಮುಟ್ಟಿದಾಗ ಆಯಿ, "ಆಟ ಹೆಂಗಿತ್ತೆ?" ಎಂದು ಕೇಳಿದಳು. "ಮೊದಲಿನಷ್ಟು ಚಲೋ ಇಲ್ಲ," ಎಂದೆ.