ಆರುನೂರ ಹನ್ನೆರಡು ಪ್ರಿಂಟರುಗಳ ಅಕ್ಕ

ಬೆಳಿಗ್ಗೆ ಐದೂ ಮುಕ್ಕಾಲು. ಅಡುಗೆಮನೆಯ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್, ಪಕ್ಕದಲ್ಲಿ ಎರಡು ಲೋಟ ಕಾಫಿ, ರಟ್ಟಿನ ಹೊದಿಕೆಯ ಉದ್ದನೆಯ ನೋಟ್‌ಬುಕ್ಕು. ಪರದೆ ಪೂರ್ತಿ ಕಪ್ಪು. ಅದರಲ್ಲಿ ಚಿತ್ರವಿಲ್ಲ, ಒತ್ತಲು ಗುಂಡಿಗಳಿಲ್ಲ, ಬಿಳಿಯ ಅಕ್ಷರಗಳ ಸಾಲುಗಳಷ್ಟೇ ಇವೆ. ಜಡೆಯನ್ನು ಗಂಟು ಹಾಕಿ ಪೆನ್ಸಿಲ್ ಸಿಕ್ಕಿಸಿಕೊಂಡಿರುವ ನಲವತ್ತೆರಡರ ಹೆಂಗಸು ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತುತ್ತಾರೆ. ಇಲ್ಲಿಂದ ಮುನ್ನೂರು ಕಿಲೋಮೀಟರ್ ಆಚೆ, ಬೆಟ್ಟದ ಮೇಲಿನ ಆಸ್ಪತ್ರೆಯೊಂದರ ಪ್ರಿಂಟರು ಉತ್ತರ ಕೊಡುತ್ತದೆ: ಕಾಗದವಿದೆ, ಮುಚ್ಚಳ ಮುಚ್ಚಿದೆ, ತಯಾರಿದ್ದೇನೆ.

"ಎದ್ದಿದೆ," ಎನ್ನುತ್ತಾರೆ ಅವರು, ತೊಟ್ಟಿಲಲ್ಲಿರುವ ಕೂಸಿನ ಸುದ್ದಿ ಹೇಳಿದ ಹಾಗೆ.

ನನಗೋ ಪ್ರಿಂಟರ್ ಎಂದರೆ ಮೈಯೆಲ್ಲ ಉರಿ. ನಮ್ಮ ಪತ್ರಿಕಾ ಕಚೇರಿಯದು ಕಣ್ಣೆದುರೇ ಇದೆ, ಕೈಗೆಟುಕುತ್ತದೆ, ಆದರೂ ಬೈದರೂ ಕೇಳುವುದಿಲ್ಲ, ಬೆನ್ನು ತಟ್ಟಿದರೂ ಕೇಳುವುದಿಲ್ಲ. ಇಲ್ಲಿ ನೋಡಿದರೆ ಈ ಹೆಣ್ಣುಮಗಳು ನಲವತ್ತಮೂರು ಆಸ್ಪತ್ರೆಗಳ ಆರುನೂರ ಹನ್ನೆರಡು ಪ್ರಿಂಟರುಗಳನ್ನು ಅಡುಗೆಮನೆಯಿಂದ ನಡೆಸುತ್ತಿದ್ದಾರೆ. ಅದರಲ್ಲಿ ಒಂದನ್ನೂ ಕಣ್ಣಾರೆ ಕಂಡವರಲ್ಲ! ಸುಳ್ಳೇಕೆ ಹೇಳಲಿ, ಮೊದಲ ಹತ್ತು ನಿಮಿಷ ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಕಾಫಿ ಆರಿ ತಣ್ಣಗಾಯಿತು.

ಆಸ್ಪತ್ರೆಗಳಲ್ಲಿ ಅವರಿಗೆ ಪ್ರಿಂಟರಕ್ಕ ಎಂದೇ ಹೆಸರು. ದಿನಕ್ಕೆ ಅರವತ್ತು ಎಪ್ಪತ್ತು ಪ್ರಿಂಟರುಗಳ ಒಳಹೊಕ್ಕು ಬರುತ್ತಾರೆ. ಒಂದಕ್ಕೆ ಕಾಗದದ ಅಳತೆ ತಪ್ಪಿರುತ್ತದೆ, ಇನ್ನೊಂದು ಸುಮ್ಮಸುಮ್ಮನೆ ನಿದ್ದೆ ಹೋಗಿರುತ್ತದೆ, ಮತ್ತೊಂದಕ್ಕೆ ಯಾರೋ ಒಂದೇ ಚೀಟಿಯನ್ನು ಮುನ್ನೂರು ಸಲ ಮುದ್ರಿಸಲು ಹೇಳಿ ಊಟಕ್ಕೆ ಹೋಗಿರುತ್ತಾರೆ. ಎಲ್ಲದಕ್ಕೂ ಮದ್ದು ಆ ಕಪ್ಪು ಪರದೆಯಲ್ಲೇ. ಕೆಲಸ ಮುಗಿದ ಮೇಲೆ ಪರೀಕ್ಷೆಗೆಂದು ಒಂದು ಚೀಟಿ ಮುದ್ರಿಸುತ್ತಾರೆ. ಅದರಲ್ಲಿ ಒಂದೇ ಸಾಲು ಇರುತ್ತದೆ: ಸರಿಹೋಯಿತು, ಇನ್ನು ನೆಮ್ಮದಿಯಾಗಿ ಕೆಲಸ ಮಾಡಿ. ಎಷ್ಟೋ ಪ್ರಯೋಗಾಲಯಗಳಲ್ಲಿ ಆ ಚೀಟಿಯನ್ನು ಗೋಡೆಗೆ ಅಂಟಿಸಿಕೊಂಡಿದ್ದಾರಂತೆ.

ಇವತ್ತಿನ ಕೆಲಸ ಮಾತ್ರ ಎಂದಿನದಲ್ಲ. ಪ್ರತಿ ಪ್ರಿಂಟರಿಗೂ ಮನೆಗೆ ಬಾಗಿಲ ಸಂಖ್ಯೆ ಇದ್ದಂತೆ ಅಂಕಿಗಳ ವಿಳಾಸವೊಂದು ಇರುತ್ತದೆ. ಬೆಟ್ಟದ ಆಸ್ಪತ್ರೆಯಲ್ಲಿ ಆ ವಿಳಾಸಗಳೆಲ್ಲ ಬದಲಾಗುತ್ತಿವೆ. ಹಳೆಯವು ಇವತ್ತು ಏಳು ಗಂಟೆಗೆ ಬಂದ್. ಹನ್ನೊಂದು ಪ್ರಿಂಟರುಗಳನ್ನು ನಿನ್ನೆಯೇ ದಾಟಿಸಿಯಾಗಿದೆ. ರಕ್ತದ ಚೀಲಗಳಿಗೆ, ಕೊಳವೆಗಳಿಗೆ ಲೇಬಲ್ ಮುದ್ರಿಸುವ ಒಂದು ಉಳಿದಿದೆ. ಅದಕ್ಕೆ ನಿನ್ನೆ ಬಿಡುವೇ ಇರಲಿಲ್ಲ.

ಎಂಟು ಗಂಟೆಗೆ ಅಲ್ಲಿ ಒಬ್ಬ ಬಡಗಿಗೆ ಹೊಟ್ಟೆಯ ಆಪರೇಷನ್ ಇದೆ. ಎರಡು ಸಲ ಮುಂದಕ್ಕೆ ಹೋಗಿರುವ ಆಪರೇಷನ್. ಲೇಬಲ್ ಇಲ್ಲದ ರಕ್ತವನ್ನು ಹತ್ತಿಸುವ ಹಾಗಿಲ್ಲ, ಕೈಬರಹಕ್ಕೆ ಅನುಮತಿ ಇಲ್ಲ. ಅಂದರೆ ಪ್ರಿಂಟರು ಕೈಕೊಟ್ಟರೆ ಬಡಗಿಗೆ ಮೂರನೆಯ ಸಲವೂ ಮನೆಯ ದಾರಿಯೇ ಗತಿ. ಸ್ಪೀಕರಿನಲ್ಲಿಟ್ಟ ಫೋನಿನಲ್ಲಿ ಅಲ್ಲಿನ ಪ್ರಯೋಗಾಲಯದ ಹುಡುಗಿ ಇದ್ದಾಳೆ.

"ಅಕ್ಕಾ, ಅವರ ಹೆಂಡ್ತಿ ಇಲ್ಲೇ ಬಾಗ್ಲಲ್ಲಿ ನಿಂತಿದ್ದಾರೆ. ಈ ಸಲ ಆಗತ್ತಾ ಅಂತ ನನ್ನೇ ಕೇಳ್ತಾರೆ. ಏನ್ ಹೇಳ್ಲಿ?"

"ಕೂತ್ಕೊಳೋಕೆ ಕುರ್ಚಿ ಕೊಡು. ಏಳು ಗಂಟೆ ಒಳಗೆ ಹೇಳ್ತೀನಿ."

ಇದರಲ್ಲಿ ಅಂಥದ್ದೇನು ಕಷ್ಟ, ನಾಲ್ಕು ಅಂಕಿ ಬದಲಾಯಿಸುವುದು ತಾನೇ ಎಂದು ನಾನು ಜಾಣನಂತೆ ಕೇಳಿದೆ. ಅವರು ನಕ್ಕರು.

"ನಾನು ಪ್ರಿಂಟರ್ ಒಳಗೆ ಹೋಗಿರೋದು ಹಳೇ ವಿಳಾಸದ ಮೇಲೆ. ಅದನ್ನೇ ಬದಲಾಯಿಸ್ತೀನಲ್ಲ, ಆ ಕ್ಷಣಕ್ಕೆ ನನ್ನ ಸಂಪರ್ಕನೂ ಕಟ್. ಕೂತ ಕೊಂಬೆ ಕಡಿಯೋ ಕೆಲ್ಸ ಇದು. ಹೊಸ ವಿಳಾಸ ಸರಿಯಾಗಿದ್ರೆ ಅಲ್ಲಿ ಮತ್ತೆ ಹಿಡೀಬಹುದು. ಒಂದಂಕಿ ತಪ್ಪಿದ್ರೆ ಪ್ರಿಂಟರು ಎಲ್ಲೋಯ್ತು ಅಂತ ನಂಗೂ ಗೊತ್ತಾಗಲ್ಲ, ಅವ್ರಿಗೂ ಗೊತ್ತಾಗಲ್ಲ."

ಈ ಲೇಬಲ್ ಪ್ರಿಂಟರಿಗೆ ಪರದೆ ಬೇರೆ ಇಲ್ಲ. ಇರುವುದು ಒಂದು ದೀಪ, ಒಂದು ಗುಂಡಿ. ಕಳೆದುಹೋದರೆ ಮೆಕ್ಯಾನಿಕ್ ಒಬ್ಬ ವೈರು ಹಿಡಿದುಕೊಂಡು ಖುದ್ದಾಗಿ ಹೋಗಬೇಕು. ಬೆಟ್ಟದ ದಾರಿಯ ಸೇತುವೆ ದುರಸ್ತಿಯಲ್ಲಿದೆ, ಸುತ್ತು ಹಾಕಿ ಹೋಗಲು ಎರಡು ದಿನ ಬೇಕು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರು ಹೀಗೆಯೇ ಎರಡು ಪ್ರಿಂಟರುಗಳನ್ನು ಕಳೆದಿದ್ದರು. ಎರಡನೆಯ ಸಲ ಮೆಕ್ಯಾನಿಕ್ ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತು ಹೋಗಿ, ಎರಡು ನಿಮಿಷದ ಕೆಲಸ ಮಾಡಿ, ಮತ್ತೆ ಒಂಬತ್ತು ಗಂಟೆ ಕೂತು ಬಂದ. "ಒಂದು ಮಾತೂ ಬೈಲಿಲ್ಲ ಅವ್ನು. ಬೈದಿದ್ರೆ ಚೆನ್ನಾಗಿರ್ತಿತ್ತು. ನಾಲ್ಕು ದಿನ ಅನ್ನ ಸೇರ್ಲಿಲ್ಲ ನಂಗೆ," ಎನ್ನುತ್ತಾರೆ. ಈ ಪ್ರಿಂಟರುಗಳನ್ನು ನೋಡಿಕೊಳ್ಳುವ ಅವರ ಕಂಪನಿಯ ನಮೂನೆಯಲ್ಲಿ 'ಪರಿಶೀಲಿಸಿದವರು' ಎಂಬ ಖಾನೆಯೊಂದಿದೆ. ಇಂಥ ಬದಲಾವಣೆಯನ್ನು ಇಬ್ಬರು ನೋಡಬೇಕೆಂಬುದು ನಿಯಮ. ಎರಡನೆಯವರನ್ನು ಕಂಪನಿ ಕೊಡಲೇ ಇಲ್ಲ. ಹನ್ನೊಂದು ವರ್ಷದಿಂದ ಆ ಖಾನೆ ಖಾಲಿ.

ಖಾನೆ ಖಾಲಿ ಇರಬಹುದು, ಕುರ್ಚಿ ಖಾಲಿ ಇಲ್ಲ. ಆರು ಗಂಟೆಗೆ ಸರಿಯಾಗಿ ಕನ್ನಡಕ ಒರೆಸಿಕೊಳ್ಳುತ್ತ ಅವರ ಅತ್ತೆ ಬಂದು ಮೇಜಿನ ಆಚೆ ಬದಿಗೆ ಕೂರುತ್ತಾರೆ. ಎಪ್ಪತ್ತಾರು ವರ್ಷ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಂಪ್ಯೂಟರಿನ ಗಂಧಗಾಳಿ ಇಲ್ಲ, ಆದರೆ ಅಂಕಿ ಕಿವಿಗೆ ಬಿದ್ದರೆ ಸಾಕು, ತಪ್ಪು ಹಿಡಿಯುತ್ತಾರೆ. ಸೊಸೆ ಅನ್ನ ಬಿಟ್ಟ ಆ ನಾಲ್ಕು ದಿನ ನೋಡಿ ನೋಡಿ ಸಾಕಾಗಿ, ಐದನೆಯ ದಿನ ಅವರೇ ಕುರ್ಚಿ ಎಳೆದುಕೊಂಡು ಕೂತರಂತೆ.

"ನಿಮ್ಮ ಸೊಸೆಯ ಕೆಲಸ ಅರ್ಥವಾಗುತ್ತಾ ಅಮ್ಮಾ?" ಎಂದೆ.

"ಅರ್ಥ ಮಾಡ್ಕೊಂಡು ನಾನೇನ್ ಮಾಡ್ಲಪ್ಪಾ? ರಾಂಗ್ ನಂಬರ್ ಹೋಗ್ಬಾರ್ದು, ಅಷ್ಟೇ ತಾನೇ? ಅದು ಅರ್ಥ ಆಗತ್ತೆ."

ಅವರಿಬ್ಬರ ಪದ್ಧತಿ ಹೀಗಿದೆ. ಹೊಸ ವಿಳಾಸವನ್ನು ಸೊಸೆ ಮೊದಲು ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ನೋಟ್‌ಬುಕ್ಕು ಅತ್ತೆಯ ಕೈ ಸೇರುತ್ತದೆ. ಸೊಸೆ ಟೈಪ್ ಮಾಡಿ, ಎಂಟರ್ ಒತ್ತದೆ, ಪರದೆಯಲ್ಲಿರುವುದನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದುತ್ತಾರೆ. ಅತ್ತೆ ಬೆರಳಿಟ್ಟು ನೋಡುತ್ತ ಹೋಗಿ ಕೊನೆಗೆ 'ಸರಿ' ಎನ್ನಬೇಕು. ಆ ಮಾತು ಬರುವ ತನಕ ಎಂಟರ್ ಇಲ್ಲ.

ಆರೂ ಇಪ್ಪತ್ತಕ್ಕೆ ಸೊಸೆ ಟೈಪ್ ಮಾಡಿ ಓದತೊಡಗುತ್ತಾರೆ. "ಒಂದು, ಸೊನ್ನೆ, ಚುಕ್ಕೆ. ಎರಡು, ಸೊನ್ನೆ, ಚುಕ್ಕೆ. ಒಂದು, ಏಳು, ಚುಕ್ಕೆ. ಆರು." ನೋಟ್‌ಬುಕ್ಕನ್ನು ನಾನೂ ಬಗ್ಗಿ ನೋಡುತ್ತಿದ್ದೆ. ಅಕ್ಷರಶಃ ಅದೇ. ಮುಗಿಯಿತು, ಇನ್ನು ಒತ್ತಿಬಿಡಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

"ತಡಿ," ಎನ್ನುತ್ತಾರೆ ಅತ್ತೆ.

"ಯಾಕತ್ತೆ? ಸರಿಯಾಗೇ ಇದ್ಯಲ್ಲ."

"ಬಾಯಿಪಾಠ ಒಪ್ಪಿಸ್ತಿದ್ದೀಯ ಕಣೇ. ಓದೋರು ಇಷ್ಟು ಬೇಗ ಓದಲ್ಲ. ಪರದೆ ನೋಡಿ ಓದು."

ಸೊಸೆ ಉಸಿರು ಬಿಟ್ಟು, ಪೆನ್ಸಿಲ್ ಕಿತ್ತು ಅದರ ತುದಿಯನ್ನು ಪರದೆಗೆ ಹಿಡಿಯುತ್ತಾರೆ. ಜಡೆ ಬಿಚ್ಚಿ ಹೆಗಲ ಮೇಲೆ ಬೀಳುತ್ತದೆ. "ಒಂದು, ಸೊನ್ನೆ, ಚುಕ್ಕೆ. ಎರಡು, ಸೊನ್ನೆ, ಚುಕ್ಕೆ." ಪೆನ್ಸಿಲ್ ನಿಲ್ಲುತ್ತದೆ. "ಏಳು... ಒಂದು."

ಅಯ್ಯೋ ದೇವರೇ! ಪರದೆಯಲ್ಲಿ ಇದ್ದದ್ದು ಎಪ್ಪತ್ತೊಂದು. ಬಾಯಿ ಓದಿದ್ದು ಹದಿನೇಳು. ಕಣ್ಣಿದ್ದ ನನಗೆ ಕಾಣಲಿಲ್ಲ, ಪರದೆಯೇ ಕಾಣದ ಕಡೆ ಕೂತ ಮುದುಕಿಗೆ ಬರೀ ಓದಿನ ಓಟದಲ್ಲೇ ತಿಳಿಯಿತು. ನನ್ನ ಮೈ ಜುಮ್ಮೆಂದಿತು. ಎಂಥೆಂಥ ದೊಡ್ಡವರ ಮುಂದೆ ಕೂತು ಮಾತಾಡಿಸಿ ಬಂದಿದ್ದೇನೆ, ಯಾರ ಮುಂದೆಯೂ ಹೀಗಾದದ್ದಿಲ್ಲ.

ಸೊಸೆ ಅಂಕಿ ತಿದ್ದಿ ಮತ್ತೆ ಓದಿದರು, ನಿಧಾನವಾಗಿ. ಅತ್ತೆ "ಸರಿ" ಎಂದರು. ಎಂಟರ್.

ಪರದೆ ಸ್ತಬ್ಧ. ಕೊಂಬೆ ಕಡಿದಾಯಿತು. ಈಗ ಹೊಸ ವಿಳಾಸದಲ್ಲಿ ಪ್ರಿಂಟರನ್ನು ಕರೆಯಬೇಕು. ಒಂದು ಸಲ ಕರೆಯುತ್ತಾರೆ, ಉತ್ತರವಿಲ್ಲ. ಇನ್ನೊಂದು ಸಲಕ್ಕೂ ಇಲ್ಲ. "ಅದು ಮಲಗಿ ಏಳ್ಬೇಕು, ಒಂದು ನಿಮಿಷ ಹಿಡಿಯತ್ತೆ," ಎನ್ನುತ್ತಾರೆ, ನನಗೋ ತಮಗೋ ಗೊತ್ತಿಲ್ಲ. ಫೋನಿನಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದು. ಅತ್ತೆ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಾರೆ, ಕುಡಿಯುತ್ತಿಲ್ಲ. ಆರನೆಯ ಸಲಕ್ಕೆ ಕಪ್ಪು ಪರದೆಯ ಮೇಲೆ ಒಂದು ಬಿಳಿ ಸಾಲು ಮೂಡುತ್ತದೆ: ತಯಾರಿದ್ದೇನೆ. ಕೂಡಲೇ ಪರೀಕ್ಷೆಯ ಚೀಟಿ ಕಳಿಸುತ್ತಾರೆ.

"ಬಂತಕ್ಕಾ! ಚೀಟಿ ಬಂತು!" ಫೋನಿನಲ್ಲಿ ಹುಡುಗಿ ಕೂಗುತ್ತಾಳೆ. "ನೆಮ್ಮದಿಯಾಗಿ ಕೆಲಸ ಮಾಡಿ ಅಂತ ಬಂದಿದೆ. ತಾಳಿ, ಅವರ ಹೆಂಡ್ತಿಗೆ ಹೇಳ್ಬಿಡ್ತೀನಿ."

ಗಂಟೆ ಆರೂ ಮೂವತ್ತೆರಡು. ಅತ್ತೆ ಎದ್ದು ಒಲೆ ಹಚ್ಚುತ್ತಾರೆ. ಹೊಗಳಲು ಹೋದ ನನ್ನನ್ನು ಅರ್ಧಕ್ಕೇ ತಡೆದು, "ಎಕ್ಸ್‌ಚೇಂಜಲ್ಲಿ ದಿನಕ್ಕೆ ಎಂಟುನೂರು ಕಾಲ್ ಜೋಡಿಸ್ತಿದ್ದೆ. ಸರಿಯಾಗಿ ಸಿಕ್ಕಿದೋರು ಯಾರೂ ತಿರುಗಿ ಫೋನ್ ಮಾಡಿ ಹೇಳಲ್ಲಪ್ಪಾ. ತಪ್ಪಿದ್ರೆ ಮಾತ್ರ ಬೈತಾರೆ," ಎಂದು ಹಾಲಿನ ಪಾತ್ರೆ ಇಟ್ಟರು.

ಮಧ್ಯಾಹ್ನ ಒಂದೂವರೆಗೆ ನಾನು ಹೊರಡುವ ಹೊತ್ತಿಗೆ ಬೆಟ್ಟದಿಂದ ಫೋನು. ಆಪರೇಷನ್ ಮುಗಿದಿದೆ, ಎರಡು ಚೀಲ ರಕ್ತ ಹತ್ತಿಸಿದ್ದಾರೆ, ಬಡಗಿಗೆ ಎಚ್ಚರವಾಗಿದೆ. ನೀರು ಕೇಳುತ್ತಿದ್ದಾನಂತೆ. ಪ್ರಿಂಟರಕ್ಕ ಫೋನಿಟ್ಟರು. ನಿಮಗೇನಾದರೂ ಆಸೆ ಇದೆಯೇ ಎಂದು, ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಅವರಿಗೂ ಕೇಳಿದೆ.

"ಇದೆ. ಇವತ್ತೇ ತೀರಿಸ್ಕೋತೀನಿ," ಎಂದು ಕಂಪನಿಯ ನಮೂನೆ ತೆರೆದರು. ಪ್ರಿಂಟರಿನ ಸಂಖ್ಯೆ, ಹಳೆಯ ವಿಳಾಸ, ಹೊಸ ವಿಳಾಸ ತುಂಬಿದರು. ಬದಲಾಯಿಸಿದವರು ಎಂಬಲ್ಲಿ ತಮ್ಮ ಹೆಸರು ಹಾಕಿದರು. ಪರಿಶೀಲಿಸಿದವರು ಎಂಬ ಖಾನೆಗೆ ಬಂದಾಗ ಒಲೆಯ ಮುಂದಿದ್ದ ಅತ್ತೆಯತ್ತ ಒಮ್ಮೆ ನೋಡಿದರು.

"ಇದ್ಯಾರು ಅಂತ ಕೇಳಿದ್ರೆ?" ಎಂದೆ.

"ಕೇಳ್ಲಿ ಬಿಡಿ. ಹನ್ನೊಂದು ವರ್ಷದಿಂದ ಯಾರೂ ಕೇಳಿಲ್ಲ."

ಟೈಪ್ ಮಾಡಿದರು. ಎಂಟರಿನತ್ತ ಬೆರಳು ಹೋಗುವಷ್ಟರಲ್ಲಿ ಒಲೆಯ ಕಡೆಯಿಂದ ದನಿ ಬಂತು. ಸೊಸೆ ಏನು ಬರೆಯುತ್ತಿದ್ದಾಳೆ ಎಂಬುದು ಆ ಮುದುಕಿಗೆ ಗೊತ್ತಿರಲಿಲ್ಲ, ಅಭ್ಯಾಸಬಲ ಅಷ್ಟೇ.

"ಒತ್ತೋಕ್ ಮುಂಚೆ ಓದೇ. ಪರದೆ ನೋಡಿ ಓದು."

ಪ್ರಿಂಟರಕ್ಕ ಪೆನ್ಸಿಲಿನ ತುದಿಯನ್ನು ಪರದೆಗೆ ಹಿಡಿದು ಅತ್ತೆಯ ಹೆಸರನ್ನು ಒಂದೊಂದೇ ಅಕ್ಷರವಾಗಿ, ಗಟ್ಟಿಯಾಗಿ ಓದಿದರು. ಒಲೆಯ ಬಳಿ ಸೌಟಿನ ಸದ್ದು ನಿಂತಿತು.

"ಸರಿ."